ಆ ಡಿಸ್ಕ್ ಕ್ಯಾಮೆರಾ ಗುಜರಿಗೆ ಹಾಕುವ ಮುಂಚೆ

ಮೊನ್ನೆ ಶಿರಸಿ ಕಡೆಯ ನಿವೃತ್ತ ಮಾಸ್ತರರೊಬ್ಬರು ಕಾರವಾರದ ನಮ್ಮ ಸ್ಟುಡಿಯೋಕ್ಕೆ ಬಂದಿದ್ದರು. ಕೈಯಲ್ಲೊಂದು ಬಿಸ್ಕಿಟ್ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಪುಟ್ಟ ಪುಟ್ಟ ಡಿಸ್ಕ್‌ಗಳು, ಎಣಿಸಿದರೆ 22. ಮಗ ಅಮೆರಿಕದಿಂದ ತಂದುಕೊಟ್ಟ ಎಚ್‌ಡಿ ಕ್ಯಾಮ್‌ಕಾರ್ಡರ್‌ನಲ್ಲಿ ತೆಗೆದದ್ದಂತೆ. ಮೊಮ್ಮಗನ ಉಪನಯನ, 2008ರ ಶಿರಸಿ ಮಾರಿಕಾಂಬಾ ಜಾತ್ರೆ, ಊರಿನ ಯಕ್ಷಗಾನದ ಆಟ, ಗೋವಾ ಪ್ರವಾಸ, ಎಲ್ಲ ಅದರಲ್ಲೇ.

"ಕಂಪ್ಯೂಟರಿಗೆ ಹಾಕಿದ್ರೆ ಖಾಲಿ ಅಂತ ತೋರಿಸ್ತದೆ ಮಾರಾಯಾ, ಎಂತ ಮಾಡೂದು?"

"ಕ್ಯಾಮೆರಾ ಎಲ್ಲಿ ಮಾಸ್ತರ್ರೆ?" ಅಂದೆ.

"ಅದು ಹೋದ ವರ್ಷವೇ ಗುಜರಿಗೆ ಹೋಯ್ತು. ಬ್ಯಾಟರಿ ಸತ್ತಿತ್ತು."

ನಾನು ತಲೆ ಮೇಲೆ ಕೈ ಇಟ್ಟುಕೊಂಡೆ. ಈ ಜಾತಿಯ ಕ್ಯಾಮೆರಾಗಳ ವಿಷಯದಲ್ಲಿ ಮನೆಮನೆಯಲ್ಲೂ ಆಗುವ ತಪ್ಪು ಇದೇ. ಡಿಸ್ಕ್ ಜೋಪಾನವಾಗಿ ಇಡುತ್ತಾರೆ, ಕ್ಯಾಮೆರಾ ಬಿಸಾಡುತ್ತಾರೆ. ಆದರೆ ಆ ಡಿಸ್ಕ್‌ಗಳ ಬೀಗದ ಕೈ ಇರೋದೇ ಕ್ಯಾಮೆರಾದಲ್ಲಿ.

ಯಾಕೆ ಅಂತ ಹೇಳ್ತೇನೆ, ಆದರೆ ಮೊದಲು ಈ ಯಂತ್ರ ಎಂಥದು ಅಂತ ಸ್ವಲ್ಪ ನೋಡೋಣ. 2006ರಲ್ಲಿ ಸೋನಿ ಮತ್ತು ಪ್ಯಾನಾಸಾನಿಕ್ ಸೇರಿ ಎವಿಸಿಎಚ್‌ಡಿ ಅನ್ನುವ ವಿಧಾನ ತಂದವು. ಎಚ್‌ಡಿ ವಿಡಿಯೋವನ್ನು ಎಚ್.264 ಎಂಬ ಪದ್ಧತಿಯಲ್ಲಿ ಚೆನ್ನಾಗಿ ಹಿಂಡಿ, 8 ಸೆಂಟಿಮೀಟರಿನ ಮಾಮೂಲಿ ಮಿನಿ ಡಿವಿಡಿ ಮೇಲೇ ಬರೆಯೋದು. ಅದೇ ವರ್ಷ ಸೋನಿಯ ಯುಎಕ್ಸ್1 ಬಂತು, ಮರುವರ್ಷ ಕ್ಯಾನನ್‌ನ ಎಚ್‌ಆರ್10. ಹಿಟಾಚಿಯವರಂತೂ 2007ರಲ್ಲಿ 8 ಸೆಂಟಿಮೀಟರಿನ ಬ್ಲೂ-ರೇ ಡಿಸ್ಕ್ ಹಾಕುವ ಕ್ಯಾಮೆರಾವನ್ನೇ ಬಿಟ್ಟರು, ಒಂದು ಬದಿಗೆ 7.5 ಜಿಬಿ. ಅದನ್ನು ನಾನು ಕೈಯಲ್ಲಿ ಹಿಡಿದು ನೋಡಿಲ್ಲ, ನಮ್ಮ ಜಿಲ್ಲೆಗೆ ಬಂದ ಹಾಗೂ ಇಲ್ಲ.

ಮಾರುವವರು ಹೇಳುತ್ತಿದ್ದ ಮಾತು ಒಂದೇ: ಟೇಪು ಸುತ್ತೋದು ಬೇಡ, ಕಂಪ್ಯೂಟರೂ ಬೇಡ, ತೆಗೆದ ಡಿಸ್ಕ್ ಸೀದಾ ಪ್ಲೇಯರಿಗೆ ಹಾಕಿ ನೋಡಿ. ಇದರಲ್ಲಿ ಅರ್ಧ ಸತ್ಯ. ಹಳೆ ಎಸ್‌ಡಿ ಗುಣಮಟ್ಟದಲ್ಲಿ ತೆಗೆದರೆ ಮಾತ್ರ ಆ ಡಿಸ್ಕ್ ಮನೆಯ ಡಿವಿಡಿ ಪ್ಲೇಯರಿನಲ್ಲಿ ಓಡುತ್ತದೆ. ಎಚ್‌ಡಿಯಲ್ಲಿ ತೆಗೆದದ್ದು ನೋಡೋಕೆ ಡಿವಿಡಿ ಥರಾನೇ ಕಾಣುತ್ತದೆ, ಆದರೆ ಒಳಗಿನ ಬರವಣಿಗೆ ಬೇರೆ. ಅದಕ್ಕೆ ಎವಿಸಿಎಚ್‌ಡಿ ಗುರುತು ಇರುವ ಬ್ಲೂ-ರೇ ಪ್ಲೇಯರೋ ಪ್ಲೇಸ್ಟೇಷನ್ 3ಓ ಬೇಕು. ಮಾಮೂಲಿ ಪ್ಲೇಯರಿಗೆ ಹಾಕಿದರೆ ಡಿಸ್ಕ್ ಒಳಗೇ ಸಿಕ್ಕಿಕೊಂಡು ಹೊರಗೆ ಬರದೇ ಇರಬಹುದು ಅಂತ ಕೈಪಿಡಿಯಲ್ಲೇ ಎಚ್ಚರಿಕೆ ಇರುತ್ತಿತ್ತು. ಕೈಪಿಡಿ ಯಾರು ಓದ್ತಾರೆ, ಅಲ್ವಾ? ಸ್ಕ್ರೂ ಬಿಚ್ಚಿ ಡಿಸ್ಕ್ ತೆಗೆದುಕೊಟ್ಟ ಪ್ಲೇಯರುಗಳ ಲೆಕ್ಕ ನಾನು ಇಟ್ಟಿಲ್ಲ. ಟ್ರೇ ಇಲ್ಲದೆ ಸೀಳಿನಲ್ಲಿ ಡಿಸ್ಕ್ ನುಂಗುವ ಕಾರ್ ಸ್ಟೀರಿಯೋ, ಕೆಲವು ಲ್ಯಾಪ್‌ಟಾಪುಗಳಿಗಂತೂ ಈ ಸಣ್ಣ ಡಿಸ್ಕನ್ನು ತೋರಿಸಲೂಬೇಡಿ.

ಈಗ ಲೆಕ್ಕ. ಒಂದು ಪದರದ ಮಿನಿ ಡಿವಿಡಿಯಲ್ಲಿ ಹಿಡಿಯೋದು 1.4 ಜಿಬಿ. ಸೆಕೆಂಡಿಗೆ 12 ಮೆಗಾಬಿಟ್ ಲೆಕ್ಕದಲ್ಲಿ ಎಚ್‌ಡಿ ಬರೆದರೆ ಸುಮಾರು 15 ನಿಮಿಷಕ್ಕೆ ಡಿಸ್ಕ್ ತುಂಬಿತು. ಎರಡು ಪದರದ್ದು 2.6 ಜಿಬಿ, ಅದರಲ್ಲಿ ಅರ್ಧ ಗಂಟೆಗೆ ಸ್ವಲ್ಪ ಕಮ್ಮಿ. ಆಟದ ಬಯಲಿಗೆ ಇದನ್ನು ಹಿಡಿದುಕೊಂಡು ಹೋದವನ ಪಾಡು ಯೋಚಿಸಿ. ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ಆರಕ್ಕೆ ಮುಗಿಯುವ ಆಟಕ್ಕೆ 32 ಡಿಸ್ಕ್ ಬೇಕು! ಅದೂ ಬದಲಿಸುವಾಗ ಸುಮ್ನೆ ತೆಗೆದು ಹಾಕಿದರೆ ಆಗುವುದಿಲ್ಲ. ಕೆಂಪು ದೀಪ ಆರುವ ತನಕ ಕಾಯಬೇಕು, ಹೊಸ ಡಿಸ್ಕ್ ಹಾಕಿದ ಮೇಲೆ ಕ್ಯಾಮೆರಾ ಅದನ್ನು ತಿರುಗಿಸಿ ಗುರುತು ಹಿಡಿದು "ರೆಡಿ" ಅನ್ನುವ ತನಕ ಮತ್ತೆ ಕಾಯಬೇಕು, ಅಷ್ಟರಲ್ಲಿ ಇಲ್ಲಿ ಬಣ್ಣದ ವೇಷ ರಂಗಸ್ಥಳಕ್ಕೆ ಬಂದು ಕುಣಿದೂ ಆಗಿರುತ್ತದೆ. ಮಾಸ್ತರರ ಡಬ್ಬಿಯಲ್ಲಿ ಆಟದ್ದು ಅಂತ ಇದ್ದದ್ದು ಮೂರೇ ಡಿಸ್ಕ್, ಯಾಕೆ ಅಂತ ಕೇಳುವ ಅಗತ್ಯವೇ ಬೀಳಲಿಲ್ಲ.

ಹಾಗಂತ ಚಿತ್ರ ಕೆಟ್ಟದು ಅಂತಲ್ಲ. ನಮ್ಮ ಹಳೆ ಟಿವಿ ಪದ್ಧತಿಯಾದ ಪಾಲ್ ವಿಡಿಯೋ 720×576 ಚುಕ್ಕಿ. ಇವುಗಳಲ್ಲಿ ಜಾಸ್ತಿ ಮಾದರಿಗಳು 1440×1080. ಅಂದರೆ ಚುಕ್ಕಿಗಳು ಮೂರೂಮುಕ್ಕಾಲು ಪಟ್ಟು. ವೇಷದ ತಲೆ ಮೇಲಿನ ಪಗಡೆಯ ಹೊಳಪು, ಗೆಜ್ಜೆಯ ಒಂದೊಂದು ಕಾಳೂ ಕಾಣುತ್ತಿತ್ತು. 1920 ಅಲ್ವಾ ಎಚ್‌ಡಿ ಅಂತ ನೀವು ಕೇಳಬಹುದು. ತೋರಿಸುವಾಗ 1440ನ್ನೇ ಅಡ್ಡಕ್ಕೆ ಎಳೆದು 1920 ಮಾಡುತ್ತಾರೆ. ಕೆಲವು ಸಾಫ್ಟ್‌ವೇರುಗಳಿಗೆ ಎಳೆಯಬೇಕು ಅನ್ನೋದು ಗೊತ್ತಾಗದೆ ಮದುಮಗ ಹಪ್ಪಳದ ಕೋಲಿನ ಹಾಗೆ ಸಣಕಲಾಗಿ ಕಾಣುತ್ತಾನೆ. ಗಾಬರಿ ಬೇಡ, ಫೈಲ್ ಸರಿಯಾಗೇ ಇದೆ. ಅಳತೆಯನ್ನು 16:9 ಅಂತ ಬದಲಿಸಿದರೆ ಸಾಕು.

ಸೌಂಡಿನ ವಿಷಯ ಬೇರೆ. 5.1 ಮೈಕ್ ಅಂತ ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಚಂಡೆಗೆ ಪೆಟ್ಟು ಬಿದ್ದ ಕೂಡಲೇ ಅದರ ಆಟೊಮ್ಯಾಟಿಕ್ ಹಿಡಿತ ಇಡೀ ಸೌಂಡನ್ನು ತಗ್ಗಿಸಿ, ಭಾಗವತರ ಪದವನ್ನೂ ನುಂಗಿಬಿಡುತ್ತದೆ. ಪೂಜೆ, ಮೌನದ ಜಾಗಗಳಲ್ಲಿ ಕಿವಿಗೊಟ್ಟು ಕೇಳಿದರೆ ಡಿಸ್ಕ್ ತಿರುಗುವ "ಗುಂಯ್" ಶಬ್ದವೂ ಸೇರಿಕೊಂಡಿರುತ್ತದೆ. ಮೈಕೂ ಮೋಟಾರೂ ಒಂದೇ ಗೂಡಿನಲ್ಲಿ ಇದ್ದ ಮೇಲೆ ಇನ್ನೇನಾಗುತ್ತದೆ. ಜೂಮಿನ ಬಗ್ಗೆ ಒಂದೇ ಮಾತು: ಪೆಟ್ಟಿಗೆ ಮೇಲಿನ ನೂರು ಇನ್ನೂರು ಪಟ್ಟು ಡಿಜಿಟಲ್ ಜೂಮನ್ನು ಆಫ್ ಮಾಡಿಡಿ, ಆಪ್ಟಿಕಲ್ ಹತ್ತು ಪಟ್ಟು ಇದ್ದರೆ ಅದೇ ನಿಜ.

ಅಮೆರಿಕದ ಕ್ಯಾಮೆರಾ ಅಂದೆನಲ್ಲ, ಅದರದ್ದು ಇನ್ನೊಂದು ರಗಳೆ. ಅಲ್ಲಿನದು ಸೆಕೆಂಡಿಗೆ 60 ಸಲ ಹಿಡಿಯುತ್ತದೆ, ನಮ್ಮದು 50. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಇವೆರಡೂ ತಾಳೆಯಾಗದೆ ಚಪ್ಪರದೊಳಗಿನ ವಿಡಿಯೋ ಪೂರ್ತಿ ಪಟಪಟ ಅಂತ ಮಿನುಗುತ್ತದೆ. ಉಪನಯನದ ಡಿಸ್ಕಿನಲ್ಲಿ ಬ್ರಹ್ಮೋಪದೇಶದ ಹೊತ್ತಿಗೆ ಸರಿಯಾಗಿ ಅದೇ ಆಗಿತ್ತು. ಅಂಗಳಕ್ಕೆ, ಬಿಸಿಲಿಗೆ ಬಂದ ಕೂಡಲೇ ಎಲ್ಲ ಸರಿ. ಇಂಥ ಕ್ಯಾಮೆರಾ ಇನ್ನೂ ಬಳಸುವವರಿದ್ದರೆ ಶಟರನ್ನು 1/100ಕ್ಕೆ ಇಡಿ, ಮಿನುಗು ನಿಲ್ಲುತ್ತದೆ.

ಸರಿ, ಬೀಗದ ಕೈ ವಿಷಯಕ್ಕೆ ಬರ್ತೇನೆ.

ಅಡಿಕೆ ಮಂಡಿಯ ಲೆಕ್ಕ ಗೊತ್ತಿದ್ದವರಿಗೆ ಇದು ಸುಲಭ. ದಿನದ ವ್ಯವಹಾರ ಕೀರ್ದಿಯಲ್ಲಿ ಬರೆದಾಗಿದೆ, ಆದರೆ ಒಬ್ಬೊಬ್ಬರ ಲೆಕ್ಕ ಬೇರೆ ಬೇರೆ ಬರೆಯುವ ಖತಾವಣಿಗೆ ಏರಿಸಿಲ್ಲ. ಬರೆದ ಗುಮಾಸ್ತನಿಗೆ ಯಾರ ಲೆಕ್ಕ ಯಾವ ಪುಟದಲ್ಲಿದೆ ಅಂತ ಗೊತ್ತು, ಹೊರಗಿನವನಿಗೆ ತಲೆಬುಡ ತಿಳಿಯುವುದಿಲ್ಲ. ಡಿಸ್ಕ್ ಕ್ಯಾಮೆರಾದಲ್ಲೂ ಅಷ್ಟೇ. ಚಿತ್ರ ಎಲ್ಲ ಡಿಸ್ಕ್ ಮೇಲೆ ಬರೆದಿರುತ್ತದೆ, ಎಲ್ಲಿ ಶುರು ಎಲ್ಲಿ ಕೊನೆ ಅನ್ನುವ ಪಟ್ಟಿ ಮಾತ್ರ ಬೇರೆ ಯಂತ್ರ ಓದುವ ಜಾಗದಲ್ಲಿ ಇರುವುದಿಲ್ಲ. ಮೆನುವಿನಲ್ಲಿ "ಫೈನಲೈಜ್" ಒತ್ತಿದಾಗ ಕ್ಯಾಮೆರಾ ಆ ಪಟ್ಟಿ ಬರೆದು ಮುಗಿಸುತ್ತದೆ. ಒತ್ತದೇ ಇದ್ದರೆ ಕಂಪ್ಯೂಟರ್ ಪಾಲಿಗೆ ಅದು ಖಾಲಿ ಡಿಸ್ಕ್.

ಬೆಳಕಿಗೆ ಹಿಡಿದು ನೋಡಿ, ಬರೆದ ಭಾಗ ಸ್ವಲ್ಪ ಬೇರೆ ಛಾಯೆಯ ಉಂಗುರವಾಗಿ ಕಾಣುತ್ತದೆ. ಮಾಸ್ತರರಿಗೆ ಕಿಟಕಿ ಹತ್ತಿರ ಕರೆದು ಒಂದು ಡಿಸ್ಕ್ ಓರೆ ಮಾಡಿ ತೋರಿಸಿದೆ. ನಡುವಿನ ತೂತಿನ ಸುತ್ತ ಮುಕ್ಕಾಲು ಪಾಲು ನೇರಳೆ ಮಬ್ಬು, ಆಮೇಲೆ ಅಂಚಿನ ತನಕ ಹೊಸದರ ಹಾಗೆ ನುಣುಪು. "ಇಷ್ಟು ಇದೆ ನೋಡಿ, ಎಲ್ಲಿಗೂ ಹೋಗಿಲ್ಲ" ಅಂದೆ. ಅವರ ಮುಖ ಆಗ ಸ್ವಲ್ಪ ಸಡಿಲವಾಯಿತು.

ಇಂಥ ಡಿಸ್ಕ್ ಕಂಪ್ಯೂಟರಿಗೆ ಹಾಕಿದಾಗ ವಿಂಡೋಸ್ ಬಹಳ ಉಪಕಾರಿಯ ಹಾಗೆ, ಇದನ್ನು ಹೇಗೆ ಬಳಸುತ್ತೀರಿ, ಫಾರ್ಮ್ಯಾಟ್ ಮಾಡಲೇ ಅಂತ ಕೇಳುತ್ತದೆ. ಬೇಡ ಅನ್ನಿ. ಮತ್ತೆ ಮತ್ತೆ ಬರೆಯಬಹುದಾದ ಡಿವಿಡಿ-ಆರ್‌ಡಬ್ಲ್ಯೂ ಆಗಿದ್ದರೆ ಹೂಂ ಅಂದ ಕೂಡಲೇ ಇದ್ದದ್ದೂ ಹೋಯಿತು. ಸರಿಯಾದ ದಾರಿ ಅಂದರೆ ಅದೇ ಕ್ಯಾಮೆರಾ, ಅದಿಲ್ಲದಿದ್ದರೆ ಅದೇ ಮಾದರಿಯ ಇನ್ನೊಂದು ಹುಡುಕಿ, ಡಿಸ್ಕ್ ಹಾಕಿ ಫೈನಲೈಜ್ ಮಾಡೋದು. ಬ್ಯಾಟರಿ ಸತ್ತಿದ್ದರೆ ಚಿಂತೆ ಇಲ್ಲ, ಅಡಾಪ್ಟರಿನಲ್ಲೇ ಓಡುತ್ತದೆ. ಆದರೆ ಆ ಕೆಲಸ ನಡೆಯುವಾಗ ಕರೆಂಟು ಹೋಗಬಾರದು, ಹೋದರೆ ಡಿಸ್ಕೂ ಹೋಗಬಹುದು. ಮಳೆಗಾಲದಲ್ಲಿ ನಮ್ಮೂರಲ್ಲಿ ಅದನ್ನು ಯಾರು ಗ್ಯಾರಂಟಿ ಕೊಡ್ತಾರೆ! ನಾನು ಯುಪಿಎಸ್ ಮೇಲೆ ಮಾಡೋದು, ಕ್ಯಾಮೆರಾ ಮೇಜಿನ ಮೇಲೆ, ಅಲುಗಾಡಿಸುವ ಹಾಗಿಲ್ಲ. ಕ್ಯಾಮೆರಾ ಎಲ್ಲೂ ಸಿಗದಿದ್ದರೆ ಐಸೊಬಸ್ಟರ್ ಥರದ ಸಾಫ್ಟ್‌ವೇರ್ ಇದೆ, ಪಟ್ಟಿ ಇಲ್ಲದ ಡಿಸ್ಕನ್ನೂ ಕೆದಕಿ ಚಿತ್ರ ಹೊರಗೆ ತೆಗೆಯುತ್ತದೆ. ಅದು ಎರಡನೇ ದಾರಿ.

ಮಾಸ್ತರರ ಮಾದರಿಯದ್ದೇ ಕ್ಯಾಮೆರಾ ಅಂಕೋಲೆಯ ನನ್ನ ಸ್ನೇಹಿತನ ಸ್ಟುಡಿಯೋದ ಅಟ್ಟದಲ್ಲಿ ಸಿಕ್ಕಿತು. ಲೆನ್ಸಿನೊಳಗೆ ಜೇಡರ ಬಲೆಯ ಹಾಗೆ ಬೂಷ್ಟು ಕಟ್ಟಿತ್ತು, ಕರಾವಳಿಯಲ್ಲಿ ನಾಲ್ಕು ಮಳೆಗಾಲ ಮುಚ್ಚಿಟ್ಟರೆ ಯಾವ ಲೆನ್ಸಿಗೂ ಅದೇ ಗತಿ. ನಮಗೆ ಬೇಕಾದ್ದು ಅದರ ಡಿಸ್ಕ್ ಓದುವ ಕಣ್ಣು ಮಾತ್ರ, ಅದು ಸರಿ ಇತ್ತು. (ನಿಮ್ಮ ಕ್ಯಾಮೆರಾ ಇಡುವುದಾದರೆ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಅಕ್ಕಿಯಲ್ಲಿ ಹುಗಿದಿಡಬೇಡಿ, ಅಕ್ಕಿಹಿಟ್ಟು ಸಂದಿಗೆಲ್ಲ ಹೋಗುತ್ತದೆ.) 22ರಲ್ಲಿ 17 ಫೈನಲೈಜ್ ಆದವು. ಎರಡು ದಿನ ಹಿಡಿಯಿತು.

ಫೈನಲೈಜ್ ಆದ ಮೇಲೂ ಒಂದು ಮಾತು. ಎಚ್‌ಡಿ ಡಿಸ್ಕಿನಲ್ಲಿ ಬಿಡಿಎಂವಿ ಅಂತ ಒಂದು ಫೋಲ್ಡರ್ ಇರುತ್ತದೆ. ಅದರೊಳಗಿನ ವಿಡಿಯೋ ಫೈಲ್ ಮಾತ್ರ ಎತ್ತಿಕೊಳ್ಳದೆ ಇಡೀ ಫೋಲ್ಡರನ್ನೇ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ. ತಾರೀಕು, ಕ್ಲಿಪ್ಪುಗಳ ಕ್ರಮ ಎಲ್ಲ ಉಳಿದ ಫೈಲುಗಳಲ್ಲಿರುತ್ತದೆ. ವಾಟ್ಸಾಪಿಗೆ ಕಳಿಸಲು ಸಣ್ಣದು ಮಾಡಿಕೊಳ್ಳಿ, ಮೂಲ ಹಾಗೇ ಇರಲಿ. ಇನ್ನೂ ವಿಂಡೋಸ್ ಎಕ್ಸ್‌ಪಿ ಇಟ್ಟುಕೊಂಡ ಪುಣ್ಯಾತ್ಮರಿದ್ದರೆ, ಅದು ಈ ಡಿಸ್ಕುಗಳನ್ನು ತಾನಾಗಿ ಓದುವುದಿಲ್ಲ. ವಿಸ್ಟಾದಿಂದ ಮುಂದಿನವು ಓದುತ್ತವೆ.

ಗೋವಾ ಪ್ರವಾಸದ ಡಿಸ್ಕ್ ಒಂಬತ್ತನೆಯದು. ಮಾಸ್ತರರು ಬಸ್ಸಿನ ಕಿಟಕಿಯಿಂದ ಇಡೀ ದಾರಿ ತೆಗೆದಿದ್ದರು. ದೇವಿಮನೆ ಘಟ್ಟದಲ್ಲಿ ಬಸ್ಸು ಕುಲುಕಿದಾಗೆಲ್ಲ ಬರವಣಿಗೆ ತಪ್ಪಿ, ಚಿತ್ರ ಎರಡು ಸೆಕೆಂಡ್ ಓಡಿ ನಿಲ್ಲುತ್ತದೆ, ಮತ್ತೆ ಓಡುತ್ತದೆ. ತಿರುಗುವ ಡಿಸ್ಕಿನ ಮೇಲೆ ಲೇಸರ್ ಗೆರೆ ಹಿಡಿದು ಬರೆಯುವಾಗ ಕೈ ಅಲುಗಿದರೆ ಇನ್ನೇನು. ಅಂಕೋಲೆ ದಾಟಿದ ಮೇಲೆ ರಸ್ತೆ ನಯ, ಚಿತ್ರವೂ ನಯ. ಆಮೇಲೆ ಕಾರವಾರ, ಆಮೇಲೆ ಕಾಳಿ ನದಿಯ ಸೇತುವೆ, ಹೆದ್ದಾರಿಗೆ ಆಗ ಇದ್ದದ್ದು ಅದೊಂದೇ. ಕಂಬಿಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ, ಕೆಳಗೆ ದೋಣಿ, ಎದುರಿಗೆ ಸದಾಶಿವಗಡದ ಗುಡ್ಡ. 2024ರ ಆಗಸ್ಟಿನಲ್ಲಿ ಕುಸಿದುಬಿದ್ದ ಅದೇ ಸೇತುವೆ. ನಾನು ದಿನಾ ಓಡಾಡಿದ ಜಾಗ, ಆದರೂ ಒಂದು ಫೋಟೋ ಕೂಡ ತೆಗೆದಿಟ್ಟವನಲ್ಲ. ಮಾಸ್ತರರ ಒಪ್ಪಿಗೆ ಕೇಳಿ ಆ ಎರಡು ನಿಮಿಷ ನಾನೂ ಕಾಪಿ ಮಾಡಿಕೊಂಡೆ.

ಈಗಿನ ಹುಡುಗರು ಹಳೆ ಕ್ಯಾಮೆರಾದ ಚಿತ್ರಕ್ಕೆ ಮರುಳಾಗಿ, ಸೆಕೆಂಡ್ ಹ್ಯಾಂಡಿನಲ್ಲಿ ಇವನ್ನು ಕೊಳ್ಳಲೇ ಅಂತ ಕೇಳುತ್ತಾರೆ. ಬೇಡ. ಖಾಲಿ ಮಿನಿ ಡಿಸ್ಕ್ ನಮ್ಮ ಪೇಟೆಯ ಅಂಗಡಿಗಳಲ್ಲಿ ಸಿಗುವುದಿಲ್ಲ. ಅಷ್ಟೂ ಆಸೆ ಇದ್ದರೆ ಅದೇ ಕಾಲದ, ಕಾರ್ಡಿಗೆ ಬರೆಯುವ ಎವಿಸಿಎಚ್‌ಡಿ ಕ್ಯಾಮೆರಾ ನೋಡಿ, ಚಿತ್ರ ಹೆಚ್ಚುಕಮ್ಮಿ ಅದೇ. ಆದರೆ ಮನೆಯಲ್ಲಿ ಡಿಸ್ಕಿನ ಡಬ್ಬಿ ಇದ್ದು, ಕ್ಯಾಮೆರಾನೂ ಎಲ್ಲೋ ಕಪಾಟಿನಲ್ಲಿದ್ದರೆ ಈ ವಾರವೇ ಹೊರಗೆ ತೆಗೆಯಿರಿ.

ಮಾಸ್ತರರ ಉಳಿದ ಐದು ಡಿಸ್ಕಿನಲ್ಲಿ ಮೂರು ಜಾತ್ರೆಯವು, ಜಾತ್ರೆ ನಡೆಯುವ ಬಿಡಕಿಬೈಲಿಗೆ ರಥ ಬರುವ ಭಾಗ. ಒಂದರ ಅಂಚಿನಲ್ಲಿ ಪದರ ಬಿಟ್ಟುಕೊಂಡಿದೆ, ಅದರ ಆಸೆ ನಾನು ಬಿಟ್ಟಿದ್ದೇನೆ. ಇನ್ನೆರಡನ್ನು ಐಸೊಬಸ್ಟರಿಗೆ ಹಾಕಿದ್ದೇನೆ, ರಾತ್ರಿಯಿಡೀ ಓದಿ ಬೆಳಗ್ಗೆ ಹನ್ನೊಂದು ಕ್ಲಿಪ್ ತೋರಿಸಿತು. ಮಾಸ್ತರರು ದಿನಾ ಸಂಜೆ ಫೋನ್ ಮಾಡುತ್ತಾರೆ. "ರಥ ಬಂತನಾ?" ಅಂತ ಕೇಳ್ತಾರೆ. ಸದ್ಯಕ್ಕೆ ಬಂದದ್ದು ಜನರ ತಲೆ, ಬೆಂಡು ಬತ್ತಾಸಿನ ಅಂಗಡಿ, ಬಲೂನು ಮಾರುವವನು.