ಎಷ್ಟು ಸೆಂಟ್ ಬಿತ್ತು?

ಮಾರ್ಚ್ ತಿಂಗಳಲ್ಲಿ ಕೊಡಗಿನ ಇಬ್ಬರು ಬೆಳೆಗಾರರು ಎದುರಾದರೆ ಕುಶಲ ಕೇಳುವ ಮೊದಲೇ 'ಎಷ್ಟು ಸೆಂಟ್ ಬಿತ್ತು?' ಅನ್ನುತ್ತಾರೆ. ನೂರು ಸೆಂಟ್ ಅಂದ್ರೆ ಒಂದು ಇಂಚು ಮಳೆ. ಕಾಫಿ ಹೂ ಅರಳೋದು ಆ ಲೆಕ್ಕದ ಮೇಲೆ. ಒಂದು ವರ್ಷ ನಮ್ಮ ಮಳೆಮಾಪಕ ಅಕ್ಕಪಕ್ಕದ ತೋಟಗಳಿಗಿಂತ ಪ್ರತಿ ಸಲ ಕಮ್ಮಿ ತೋರಿಸುತ್ತಿತ್ತು. ಹೋಗಿ ನೋಡಿದರೆ ಕಂಬವೇ ವಾಲಿತ್ತು. ಸುತ್ತ ಬಿದ್ದದ್ದು ಅದೇ ಮಳೆಯಾದ್ದರಿಂದ ತಪ್ಪು ಗೊತ್ತಾಯಿತು.

ವರ್ಷವಿಡೀ ನಿಲ್ಲದೆ ಸುರಿಯುವ ಇನ್ನೊಂದು ಮಳೆಯೂ ಇದೆ. ಬಾಹ್ಯಾಕಾಶದಿಂದ ಬರುವ ಪ್ರೋಟಾನುಗಳು ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಗಾಳಿಗೆ ಬಡಿದಾಗ ಮ್ಯುಯಾನ್ ಎಂಬ ಕಣಗಳು ಹುಟ್ಟುತ್ತವೆ. ಚಾಚಿದ ಅಂಗೈಯಲ್ಲಿ ಸೆಕೆಂಡಿಗೆ ಒಂದರಂತೆ ತೂರಿ ಹೋಗುತ್ತವೆ. ಮಡಿಕೇರಿ ಎತ್ತರದಲ್ಲಿದೆಯಲ್ಲ, ಮಂಗಳೂರಿಗಿಂತ ಇಲ್ಲಿ ತುಸು ಜಾಸ್ತಿ. ಇಂಚು-ಸೆಂಟಲ್ಲಿ ಅಳೆಯೋಕೆ ಮಾತ್ರ ಆಗಲ್ಲ!

ಭೌತವಿಜ್ಞಾನಿಗಳಿಗೆ ಇದು ಪುಕ್ಕಟೆ ಸಿಕ್ಕ ತೂಕದ ಕಲ್ಲು. ವೇಗದ ಮ್ಯುಯಾನ್ ಒಂದು ಸೆಂಟಿಮೀಟರ್ ಪ್ಲಾಸ್ಟಿಕ್ ದಾಟುವಾಗ ಸುಮಾರು 20 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬಿಟ್ಟು ಹೋಗುತ್ತದೆ. ಪತ್ತೆಕಾರಕದ (ಕಣಗಳನ್ನು ಗುರುತಿಸುವ ಉಪಕರಣದ) ವಿಶೇಷ ಪ್ಲಾಸ್ಟಿಕ್ ಆಗ ಮಿಣುಕುತ್ತದೆ. ಆ ಮಿಣುಕನ್ನು ಅಳೆಯಲು ಬೆಳಕು ಹಿಡಿಯುವ ಟ್ಯೂಬುಗಳಿರುತ್ತವೆ; ಒಂದು ಟ್ಯೂಬ್ ಹೆಚ್ಚು ತೋರಿಸುತ್ತದೆ, ಇನ್ನೊಂದು ಕಮ್ಮಿ. ಸಾವಿರಾರು ಟ್ಯೂಬುಗಳನ್ನು ಒಂದೇ ಅಳತೆಗೆ ತರಲು ಈ ಗೊತ್ತಿರುವ ಶಕ್ತಿಯೇ ಆಧಾರ.

2008ರ ಸೆಪ್ಟೆಂಬರ್‌ನಲ್ಲಿ ಜಿನೀವಾ ಬಳಿ ಪ್ರೋಟಾನುಗಳನ್ನು ಡಿಕ್ಕಿ ಹೊಡೆಸುವ ಎಲ್‌ಎಚ್‌ಸಿ ಯಂತ್ರ ಶುರುವಾದ ಕೆಲವೇ ದಿನಕ್ಕೆ ಕೆಟ್ಟು, ಒಂದು ವರ್ಷಕ್ಕೂ ಹೆಚ್ಚು ಕಾಲ ನಿಂತುಹೋಯಿತು. ಅಲ್ಲಿನ ಸಿಎಂಎಸ್ ಎಂಬ ದೊಡ್ಡ ಪತ್ತೆಕಾರಕದ ತಂಡ ಸುಮ್ನೆ ಕೂರಲಿಲ್ಲ. ಅಕ್ಟೋಬರ್-ನವೆಂಬರ್‌ನಲ್ಲಿ ಅದರ ಅಯಸ್ಕಾಂತದ ಬಲವನ್ನು 3.8 ಟೆಸ್ಲಾಗೆ ಏರಿಸಿ, ನೆಲದಡಿ ಸುಮಾರು 100 ಮೀಟರ್ ಆಳದಲ್ಲೇ 27 ಕೋಟಿಯಷ್ಟು ಮ್ಯುಯಾನ್ ಘಟನೆಗಳನ್ನು ದಾಖಲಿಸಿತು. ಅಷ್ಟು ಮಣ್ಣು-ಕಲ್ಲು ತೂರಿ ಬಂದ ಕಣಗಳೂ ಅವುಗಳಲ್ಲಿದ್ದವು!

ಒಂದೇ ಮ್ಯುಯಾನ್, ಕಣ ಹಾದ ಜಾಗ ಗುರುತಿಸುವ ಸಿಲಿಕಾನ್ ಹಾಳೆಗಳ ಹಲವು ಪದರ ದಾಟುತ್ತದೆ. ಅದರ ದಾರಿ ಅಯಸ್ಕಾಂತದಿಂದಾಗಿ ನವಿರಾಗಿ ಬಾಗಿರುತ್ತದೆ. ಹತ್ತು ಪದರ ಒಂದೇ ದಾರಿ ತೋರಿಸಿ, ಹನ್ನೊಂದನೆಯದು ಪ್ರತಿ ಸಲ ಅದೇ ಕಡೆಗೆ ಸ್ವಲ್ಪ ಸರಿದು ತೋರಿಸಿದರೆ? ಅದು ನಮ್ಮ ವಾಲಿದ ಕಂಬ. ಆದರೆ ಸಿಎಂಎಸ್‌ನವರು ಹಾಳೆಯನ್ನು ಮುಟ್ಟಲು ಹೋಗಲ್ಲ. ಅದು ನಿಜವಾಗಿ ಎಲ್ಲಿದೆಯೋ ಆ ಜಾಗವನ್ನು ಲೆಕ್ಕದಲ್ಲಿ ತಿದ್ದುತ್ತಾರೆ. ನಡುಭಾಗದ ಹಾಳೆಗಳ ಜಾಗ ಹೀಗೆ ಕೆಲವೇ ಮೈಕ್ರಾನಿನಷ್ಟು ನಿಖರವಾಗಿ ಸಿಕ್ಕಿತು. ಕೂದಲೆಳೆ ಅದಕ್ಕಿಂತ ಎಷ್ಟೋ ಪಟ್ಟು ದಪ್ಪ.

ಪತ್ತೆಕಾರಕದ ಎರಡು ತುದಿಯ ತಟ್ಟೆಗಳಲ್ಲಿ ಮಾತ್ರ ಲೆಕ್ಕ ಅಷ್ಟು ಬಿಗಿಯಾಗಲಿಲ್ಲ. ಅವು ಗೋಡೆಯ ಹಾಗೆ ನೆಟ್ಟಗೆ ನಿಂತಿವೆ, ಮ್ಯುಯಾನುಗಳು ಹೆಚ್ಚಾಗಿ ಮೇಲಿನಿಂದ ಇಳಿಯುತ್ತವೆ. ನಮ್ಮ ಆಷಾಢದ ಮಳೆಯಂತೆ ಅಡ್ಡಡ್ಡ ಬಡಿಯುವ ಅಭ್ಯಾಸ ಅವಕ್ಕಿಲ್ಲ.