ರೋಗ ತಡೆಯುವ ದ್ರಾಕ್ಷಿಯ ವೈನ್ ಅಂದ್ರೆ ರುಚಿ ಕಮ್ಮಿನಾ?

ಪ್ರಶ್ನೆ: ಜರ್ಮನಿಯಲ್ಲಿರುವ ಮಗಳು ರಜೆಗೆ ಬಂದಾಗ 'ರೆಗೆಂಟ್' ಅನ್ನೋ ರೆಡ್ ವೈನ್ ತಂದಿದ್ದಾಳೆ. ರೋಗ ನಿರೋಧಕ ತಳಿಯಂತೆ. ಹೈಬ್ರಿಡ್ ಅಂದಮೇಲೆ ರುಚಿ ಕಮ್ಮಿ ಅಲ್ವಾ? ಹೇಗೆ ಕುಡಿಯಬೇಕು?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಕಾಫಿ ಸೀಮೆಯವರಾಗಿ ನೀವೇ ಹೀಗೆ ಕೇಳಿದರೆ ಹೇಗೆ! ನಿಮ್ಮ ಕಡೆ ತೋಟಗಳಲ್ಲಿರುವ ಎಸ್.795 ಅರೇಬಿಕಾವನ್ನೇ ನೋಡಿ. 1940ರ ದಶಕದಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಅದನ್ನು ಕೊಟ್ಟಿದ್ದೇ ಎಲೆ ತುಕ್ಕು ರೋಗ ತಡೆಯಲಿ ಎಂದು. ಅದರ ವಂಶದಲ್ಲಿ ಲೈಬೀರಿಕಾ ಎಂಬ ಬೇರೆ ಜಾತಿಯ ಕಾಫಿಯೂ ಸೇರಿದೆ, ಅಂದರೆ ಅದೂ ಹೈಬ್ರಿಡ್ಡೇ. (ಈಗ ಅದಕ್ಕೂ ತುಕ್ಕು ಬರುತ್ತೆ, ಆ ಮಾತು ಬೇರೆ.) ಹಾಗಂತ ಅದರ ಕಾಫಿಯನ್ನು ಯಾರಾದರೂ ಬೇಡ ಅಂತಾರಾ?

ರೆಗೆಂಟ್ ಹುಟ್ಟಿದ್ದೂ ಹಾಗೆಯೇ. 1967ರಲ್ಲಿ ಜರ್ಮನಿಯ ಗೈಲ್‌ವೈಲರ್‌ಹೋಫ್ ಸಂಶೋಧನಾ ಕೇಂದ್ರದಲ್ಲಿ ಡಯಾನಾ ಎಂಬ ಬಿಳಿ ದ್ರಾಕ್ಷಿಗೆ ಶಾಂಬೂರ್ಸಿನ್ ಎಂಬ ಫ್ರೆಂಚ್ ಹೈಬ್ರಿಡ್ಡನ್ನು ಕೂಡಿಸಿದರು. ಶಾಂಬೂರ್ಸಿನ್ ಬಳ್ಳಿಯಲ್ಲಿ ಅಮೆರಿಕದ ಕಾಡು ದ್ರಾಕ್ಷಿಯ ರಕ್ತವಿದೆ. ದ್ರಾಕ್ಷಿಯನ್ನು ಕಾಡುವ ಶಿಲೀಂಧ್ರ ರೋಗಗಳಾದ ಬೂದಿ ರೋಗ, ಡೌನಿ ರೋಗ ಎರಡೂ ಅಮೆರಿಕದಿಂದಲೇ 19ನೇ ಶತಮಾನದಲ್ಲಿ ಯುರೋಪಿಗೆ ಹೋದವು. ಅಮೆರಿಕದ ಕಾಡು ಬಳ್ಳಿಗೆ ಅವು ಹಳೇ ಪರಿಚಯ, ತಡೆದುಕೊಳ್ಳುತ್ತೆ. ಯುರೋಪಿನ ಬಳ್ಳಿಗೆ ಆ ಶಕ್ತಿ ಇರಲಿಲ್ಲ. ನಾವು ಮಳೆಗೆ ಮುಂಚೆ ಅಡಿಕೆಗೆ, ಕಾಫಿಗೆ ಹೊಡೆಯುವ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಇದೆಯಲ್ಲ, 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಅದನ್ನು ಕಂಡುಹಿಡಿದಿದ್ದು ಇದೇ ಡೌನಿ ರೋಗಕ್ಕೆ. ರೆಗೆಂಟ್ ತರಹದ ತಳಿಗೆ ಔಷಧಿ ಹೊಡೆಯುವುದು ಕಮ್ಮಿ. ಪೂರ್ತಿ ಬಿಡೋಕಾಗಲ್ಲ.

ನಿಮ್ಮ ಅನುಮಾನ ಸುಮ್ನೆ ಬಂದಿದ್ದೂ ಅಲ್ಲ. ಕ್ರಿಸ್‌ಮಸ್ ಹೊತ್ತಿಗೆ ಮನೆಯಲ್ಲಿ ವೈನ್ ಹಾಕಲು ತರುವ ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ಒಮ್ಮೆ ಹಿಚುಕಿ ಮೂಸಿ ನೋಡಿ. ಮೂಗಿಗೆ ಅಡರುವ ಆ ಗಾಢ ವಾಸನೆ ಅಮೆರಿಕದ ದ್ರಾಕ್ಷಿಯ ಬಳುವಳಿ. ಜ್ಯೂಸಿಗೆ ಚೆನ್ನ, ಸಿಹಿ ಇಲ್ಲದ ವೈನಿನಲ್ಲಿ ಬಹಳ ಜನಕ್ಕೆ ಹಿಡಿಸಲ್ಲ. ಹಳೆಯ ಹೈಬ್ರಿಡ್‌ಗಳಿಗೆ ಕೆಟ್ಟ ಹೆಸರು ಬಂದಿದ್ದು ಅದರಿಂದಲೇ. ರೆಗೆಂಟ್‌ನಲ್ಲಿ ಆ ವಾಸನೆ ಇಲ್ಲ. ಬಣ್ಣ ಮಾತ್ರ ಕಡು, ನೇರಳೆ ಹಣ್ಣು ತಿಂದ ನಾಲಿಗೆಯಂತೆ. ಚೆರ್ರಿ, ಬ್ಲ್ಯಾಕ್‌ಕರಂಟ್ ಹಣ್ಣಿನ ಘಮ, ಒಗರು ಮೆತ್ತಗೆ.

ಮೊದಲು ಲೇಬಲ್ ನೋಡಿ. 'ಟ್ರೋಕನ್' ಎಂದಿದ್ದರೆ ಸಿಹಿ ಇಲ್ಲ, 'ಲೀಬ್ಲಿಶ್' ಎಂದಿದ್ದರೆ ಸಿಹಿ. ಸಕ್ಕರೆ ಹಾಕಿದ ಮನೆ ವೈನ್ ಕುಡಿದು ರೂಢಿಯಿದ್ದವರಿಗೆ ಟ್ರೋಕನ್ ಮೊದಲ ಗುಟುಕಿಗೆ ಹುಳಿ ಅನ್ನಿಸಬಹುದು. ಎರಡನೆಯದಕ್ಕೆ ಕಾಯಿರಿ. 'ಬಾರಿಕ್' ಎಂದಿದ್ದರೆ ಓಕ್ ಪೀಪಾಯಿಯಲ್ಲಿಟ್ಟದ್ದು. ಮುಂದಿನ ಸಲ ಮಗಳಿಗೆ ಆರಿಸಲು ಹೇಳುವುದಾದರೆ ನಾನಂತೂ ಪೀಪಾಯಿಯದ್ದಲ್ಲ, ಎರಡು ಮೂರು ವರ್ಷದೊಳಗಿನ ಸಾದಾ ಟ್ರೋಕನ್ ತರಿಸುತ್ತೇನೆ. ವರ್ಷಗಟ್ಟಲೆ ಕೂಡಿಡುವ ವೈನ್ ಇದಲ್ಲ.

ರೆಡ್ ವೈನನ್ನು ರೂಮಿನ ಬಿಸಿಯಲ್ಲೇ ಕುಡಿಯಬೇಕು ಅನ್ನೋದು ಚಳಿ ದೇಶದ ಮಾತು. ಡಿಸೆಂಬರಿನಲ್ಲಿ ಮೂಡಿಗೆರೆಗೆ ಅದು ಸರಿ, ಏಪ್ರಿಲ್‌ನಲ್ಲಿ ಆಗಲ್ಲ. ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ, 16–18 ಡಿಗ್ರಿಗೆ ಬಂದರೆ ಸಾಕು. ಜೊತೆಗೆ ಹಂದಿ ಮಾಂಸದ ಫ್ರೈ, ಅಣಬೆ ಪಲ್ಯ ಒಪ್ಪುತ್ತೆ. ಖಾರ ಮಾತ್ರ ಸ್ವಲ್ಪ ಹಿಡಿಯಿರಿ. ಖಾರ ಜಾಸ್ತಿಯಾದರೆ ಮದ್ಯದ ಉರಿಯೊಂದೇ ನಾಲಿಗೆಗೆ ಸಿಗುತ್ತೆ. ಉಳಿದಿದ್ದನ್ನು ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ. ಆಮೇಲೂ ಉಳಿದರೆ ಎಸೆಯಬೇಡಿ, ಮಾಂಸ ಬೇಯಿಸುವಾಗ ಸುರಿಯಿರಿ.