ವಿಡಿಯೊ ಫೈಲಿನ ಒಳಗೇ ಟಿಪ್ಪಣಿ ಬರೆದಿಡಬಹುದಾ?

ಪ್ರಶ್ನೆ: ಮನೆಯಲ್ಲಿದ್ದ ಹಳೆ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಸ್ಟುಡಿಯೊಗೆ ಕೊಟ್ಟು ಕಂಪ್ಯೂಟರ್ ಫೈಲ್ ಮಾಡಿಸಿದ್ದೇವೆ. ಯಾರ ಮದುವೆ, ಯಾವ ಊರು, ಯಾರ್ಯಾರು ಇದ್ದಾರೆ ಅನ್ನುವುದನ್ನು ಫೈಲಿನೊಳಗೇ ಬರೆದಿಡಲು ಆಗುತ್ತದಾ? ಬರೆದದ್ದು ಎಲ್ಲಿ ಕಾಣುತ್ತದೆ? ಕ್ವಾಲಿಟಿ ಕೆಡುವುದಿಲ್ಲ ತಾನೇ?

ಉತ್ತರ: ಆಗುತ್ತದೆ. ಕ್ವಾಲಿಟಿಯೂ ಕೆಡುವುದಿಲ್ಲ. ಎಂಪಿ4 ಅನ್ನುವುದು ಒಂದು ಡಬ್ಬಿ ಇದ್ದ ಹಾಗೆ. ಅದರಲ್ಲಿ ಚಿತ್ರ ಒಂದು ಕಡೆ, ಧ್ವನಿ ಒಂದು ಕಡೆ ಇರುತ್ತದೆ. ಹೆಸರು, ವರ್ಷ, ಕಾಮೆಂಟ್ ಬರೆಯಲು ಬೇರೆಯೇ ಜಾಗ ಇದೆ. ಅಲ್ಲಿ ನಾಲ್ಕು ಸಾಲು ಬರೆದರೆ ಚಿತ್ರವನ್ನು ಯಾರೂ ಮುಟ್ಟುವುದಿಲ್ಲ.

ವಿಂಡೋಸ್‌ನಲ್ಲಿ ಸುಲಭ. ವಿಡಿಯೊ ಪ್ಲೇ ಆಗುತ್ತಿದ್ದರೆ ಮೊದಲು ಮುಚ್ಚಿ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ತೆರೆದು, ಡೀಟೇಲ್ಸ್ ಟ್ಯಾಬ್‌ಗೆ ಹೋಗಿ. ಕಾಮೆಂಟ್ಸ್ ಎಂದಿರುವ ಕಡೆ ಬಲಭಾಗದಲ್ಲಿ ಕ್ಲಿಕ್ ಮಾಡಿದರೆ ಬರೆಯಬಹುದು. ಓದುವುದಕ್ಕೂ ಅಲ್ಲಿಗೇ ಹೋದರೆ ಸಾಕು. ಫೋಲ್ಡರ್ ಅನ್ನು ಡೀಟೇಲ್ಸ್ ನೋಟದಲ್ಲಿಟ್ಟು, ಮೇಲಿನ ಸಾಲಿನಲ್ಲಿ ಕಾಮೆಂಟ್ಸ್ ಕಾಲಂ ಸೇರಿಸಿಕೊಂಡರೆ ಎಲ್ಲ ಫೈಲಿನ ಟಿಪ್ಪಣಿಯೂ ಒಟ್ಟಿಗೆ ಕಾಣುತ್ತದೆ. ನೂರಾರು ವಿಡಿಯೊ ಇದ್ದವರಿಗೆ ಇದು ತುಂಬಾ ಉಪಯೋಗ.

ವಿಎಲ್‌ಸಿ ಪ್ಲೇಯರ್‌ನಲ್ಲಿ ನೋಡಬೇಕಾದರೆ ಕಂಟ್ರೋಲ್ ಮತ್ತು ಐ ಕೀಲಿ ಒತ್ತಿ. ಅಲ್ಲೇ ಬರೆದು ಸೇವ್ ಮೆಟಾಡೇಟಾ ಬಟನ್ ಒತ್ತಲೂಬಹುದು, ಆದರೆ ಎಲ್ಲ ಬಗೆಯ ಫೈಲಿಗೂ ಅದು ನಡೆಯುವುದಿಲ್ಲ. ಇನ್ನೊಂದು ವಿಷಯ. ಟೈಟಲ್ ಜಾಗದಲ್ಲಿ ಬರೆದದ್ದನ್ನು ವಿಎಲ್‌ಸಿ ವಿಡಿಯೊ ಶುರುವಾದಾಗ ಪರದೆಯ ಮೇಲೆ ತೋರಿಸುತ್ತದೆ. ಹಾಗಾಗಿ ಟೈಟಲ್ ಚಿಕ್ಕದಾಗಿರಲಿ. 'ಅತ್ತೆಯ ಮದುವೆ, ತೀರ್ಥಹಳ್ಳಿ, 1991' ಅಂದರೆ ಸಾಕು. ಸೋದರಮಾವಂದಿರ ಪಟ್ಟಿಯೆಲ್ಲ ಕಾಮೆಂಟ್‌ಗೆ ಹೋಗಲಿ.

ಕನ್ನಡದಲ್ಲೇ ಬರೆಯಬಹುದು, ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಆಗಿರಬೇಕು ಅಷ್ಟೇ. ನುಡಿ, ಬರಹದ ಹಳೆ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ಕಾಪಿ ಮಾಡಿ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ.

ನಿಮ್ಮ ವಿಷಯದಲ್ಲಿ ನಿಜವಾದ ತೊಡಕು ಇರಬಹುದಾದದ್ದು ಸ್ಟುಡಿಯೊದವರು ಕೊಟ್ಟ ಫೈಲಿನ ಬಗೆಯಲ್ಲಿ. ಡಿವಿಡಿ ಕೊಟ್ಟಿದ್ದರೆ ಅದರಲ್ಲಿರುವುದು ವಿಒಬಿ ಫೈಲು, ಅದಕ್ಕೆ ಇಂಥ ಟಿಪ್ಪಣಿಯ ಜಾಗವೇ ಇಲ್ಲ. ಎವಿಐ ಎಂಬ ಹಳೆ ಬಗೆಯ ಫೈಲಿಗೆ ಜಾಗವೇನೋ ಇದೆ, ಆದರೆ ಯೂನಿಕೋಡ್ ಬರುವುದಕ್ಕೆ ಮುಂಚಿನ ಏರ್ಪಾಡು. ಕನ್ನಡ ಅಲ್ಲಿ ಕಲಸಿಹೋಗುವ ಸಾಧ್ಯತೆ ಜಾಸ್ತಿ. ಎರಡಕ್ಕೂ ನನ್ನ ಸಲಹೆ ಒಂದೇ: ಎಂಕೆವಿಟೂಲ್‌ನಿಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಹಾಕಿ ಎಂಕೆವಿ (ಎಂಪಿ4 ಥರದ್ದೇ ಇನ್ನೊಂದು ಡಬ್ಬಿ) ಮಾಡಿಕೊಳ್ಳಿ. ಚಿತ್ರ, ಧ್ವನಿ ಇದ್ದ ಹಾಗೇ ಹೊಸ ಫೈಲಿಗೆ ಹೋಗುತ್ತವೆ. ಟೈಟಲ್ ಅಲ್ಲೇ ಬರೆಯಬಹುದು. ಉದ್ದದ ಕಾಮೆಂಟ್ ಬೇಕಾದರೆ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶ ಬಳಸಬಹುದು. ಅದು ಕಮಾಂಡ್ ಬರೆದು ನಡೆಸುವಂಥದ್ದು, ಮನೆಯಲ್ಲಿ ಕಂಪ್ಯೂಟರ್ ಗೊತ್ತಿರುವ ಹುಡುಗರಿದ್ದರೆ ಅವರಿಗೆ ವಹಿಸಿ. ಕೋಡೆಕ್ ಕಾಪಿ ಎಂಬ ಆಯ್ಕೆ ಹಾಕಲು ಮಾತ್ರ ಹೇಳಿ. ಅದು ತಪ್ಪಿದರೆ ಇಡೀ ವಿಡಿಯೊ ಮತ್ತೆ ಎನ್‌ಕೋಡ್ ಆಗುತ್ತದೆ, ಅಂದರೆ ಚಿತ್ರವನ್ನೇ ಹೊಸದಾಗಿ ಕುಗ್ಗಿಸಿ ಬರೆಯುತ್ತದೆ, ಕ್ವಾಲಿಟಿ ಕೆಡುವುದು ಆಗ.

ಇನ್ನು, ಕಾಮೆಂಟ್ ಬರೆಯುವ ಜಾಗವೆಲ್ಲ ಫೈಲಿನ ಒಳಗೇ ಇರುತ್ತದೆ ಅಂತ ನಂಬಬೇಡಿ. ಮ್ಯಾಕ್‌ನ ಫೈಂಡರ್‌ನಲ್ಲಿ ಗೆಟ್ ಇನ್ಫೊ ತೆರೆದರೆ ಕಾಮೆಂಟ್ಸ್ ಅಂತ ಚೆಂದದ ಒಂದು ಚೌಕ ಇದೆ. ಅಲ್ಲಿ ಬರೆದದ್ದನ್ನು ಮ್ಯಾಕ್ ತನ್ನ ಲೆಕ್ಕದಲ್ಲಿ ಬೇರೆ ಇಟ್ಟುಕೊಳ್ಳುತ್ತದೆ. ಅದೇ ವಿಡಿಯೊವನ್ನು ವಿಂಡೋಸ್‌ನಲ್ಲಿ ತೆರೆದರೆ ಕಾಮೆಂಟ್ ಇರುವುದಿಲ್ಲ. ಗೂಗಲ್ ಫೋಟೋಸ್‌ನಲ್ಲಿ ಬರೆದ ವಿವರಣೆಯೂ ಹೀಗೆಯೇ. ಗೂಗಲ್‌ನ ಟೇಕ್‌ಔಟ್ ಸೌಲಭ್ಯದ ಮೂಲಕ ಎಲ್ಲವನ್ನೂ ಇಳಿಸಿಕೊಂಡಾಗ ಆ ಬರಹ ಪಕ್ಕದಲ್ಲಿ ಇನ್ನೊಂದು ಜೇಸಾನ್ ಫೈಲಾಗಿ ಬರುತ್ತದೆ. ಜನ ಅದನ್ನು ಬೇಡದ ಫೈಲು ಅಂದುಕೊಂಡು ಅಳಿಸಿಬಿಡುತ್ತಾರೆ! ಒಂದು ವಿಡಿಯೊಗೆ ಬರೆದು, ಪೆನ್‌ಡ್ರೈವ್‌ಗೆ ಹಾಕಿ, ಬೇರೆ ಕಂಪ್ಯೂಟರ್‌ನ ವಿಎಲ್‌ಸಿಯಲ್ಲಿ ತೆರೆದು ನೋಡಿ. ಅಲ್ಲಿ ಕಂಡರೆ ಉಳಿದವಕ್ಕೆ ಕೈ ಹಾಕಿ. ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಒಳಗಿರುವುದನ್ನೆಲ್ಲ ಇನ್ನೂ ವಿವರವಾಗಿ ತೋರಿಸುತ್ತದೆ.

ಈ ಕಾಮೆಂಟ್ ಇಡೀ ವಿಡಿಯೊಗೆ ಸೇರಿದ್ದು. 'ಹನ್ನೆರಡನೇ ನಿಮಿಷದಲ್ಲಿ ಎಲೆ ಹಾಕುತ್ತಿರುವವರು ದೊಡ್ಡಪ್ಪ' ಅಂತ ಆ ಹೊತ್ತಿಗೇ ಪರದೆ ಮೇಲೆ ಬರಬೇಕಾದರೆ ಸಬ್‌ಟೈಟಲ್ ಮಾಡಬೇಕು, ಅದು ಬೇರೆ ಕೆಲಸ. ಸುಮ್ನೆ ನೆನಪಿಗೆ ಸಾಕು ಅಂದರೆ ನಿಮಿಷ ನಮೂದಿಸಿ ಕಾಮೆಂಟ್‌ನಲ್ಲೇ ಬರೆದುಬಿಡಿ.

ಬರೆದ ಮೇಲೆ ಫೈಲಿನ ಮಾಡಿಫೈಡ್ ತಾರೀಕು ಬದಲಾಗುತ್ತದೆ, ಗಾಬರಿಯಾಗಬೇಡಿ. ಕ್ಲೌಡ್ ಬ್ಯಾಕಪ್ ಇಟ್ಟಿದ್ದರೆ ಇಡೀ ಫೈಲು ಮತ್ತೆ ಅಪ್‌ಲೋಡ್ ಆಗಬಹುದು. ಅದಕ್ಕೇ ಟಿಪ್ಪಣಿ ಮೊದಲು, ಬ್ಯಾಕಪ್ ಆಮೇಲೆ.

ನೆಂಟರಿಗೆ ವಾಟ್ಸಾಪ್‌ನಲ್ಲಿ ಕಳಿಸುವಾಗ ವಿಡಿಯೊ ಅಂತ ಕಳಿಸಿದರೆ ಅದು ಕುಗ್ಗಿಸಿ ಹೊಸ ಫೈಲ್ ಮಾಡುತ್ತದೆ, ನೀವು ಬರೆದದ್ದು ಉಳಿಯುವುದಿಲ್ಲ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ.